ಇಳಿತ ಹಿಡಿದು ಕೇಪ್ ಮೇಗೆ

ಅಮೆರಿಕದ ನ್ಯೂಜೆರ್ಸಿ ರಾಜ್ಯದ ದಕ್ಷಿಣದ ತುತ್ತತುದಿಯಲ್ಲಿ, ಅಟ್ಲಾಂಟಿಕ್ ಸಾಗರವೂ ಡೆಲವೇರ್ ಕೊಲ್ಲಿಯೂ ಸೇರುವ ಮೂಲೆಯಲ್ಲಿ, ಕೇಪ್ ಮೇ ಎಂಬ ಸಣ್ಣ ಊರಿದೆ. ಕಾಯಂ ವಾಸಿಗಳು ಮೂರು ಸಾವಿರಕ್ಕೂ ಕಡಿಮೆ. ಬೇಸಿಗೆಯಲ್ಲಿ ಅದರ ಹಲವು ಪಟ್ಟು ಜನ ತುಂಬಿಕೊಳ್ಳುತ್ತಾರೆ. ಸಮುದ್ರಸ್ನಾನಕ್ಕೂ ತಂಗಾಳಿಗೂ ಅಮೆರಿಕನ್ನರು ಹುಡುಕಿಕೊಂಡು ಹೋಗತೊಡಗಿದ ಮೊದಲ ಊರುಗಳಲ್ಲಿ ಇದೂ ಒಂದು. ಎಲಿಸ್ ಹ್ಯೂಸ್ ಎಂಬಾತ ಇಲ್ಲಿನ ತನ್ನ ವಸತಿಗೃಹದ ಬಗ್ಗೆ ಫಿಲಡೆಲ್ಫಿಯಾದ ಪತ್ರಿಕೆಯಲ್ಲಿ ಜಾಹೀರಾತು ಹಾಕಿದ್ದು 1801ರಲ್ಲಿ. ರೈಲು ಬಂದದ್ದು 1863ರಲ್ಲಿ. ನಡುವಿನ ಅಷ್ಟೂ ವರ್ಷ ಫಿಲಡೆಲ್ಫಿಯಾದ ಜನ ಮೊದಲು ಹಾಯಿದೋಣಿಗಳಲ್ಲಿ, ಆಮೇಲೆ ಉಗಿಹಡಗುಗಳಲ್ಲಿ ಡೆಲವೇರ್ ನದಿಗುಂಟ ಇಳಿದು ಇಲ್ಲಿಗೆ ಬಂದರು. ಈಗಿನ ಸನ್‌ಸೆಟ್ ಬೀಚ್ ಆಸುಪಾಸಿನ ಕೊಲ್ಲಿ ದಂಡೆಯಲ್ಲಿ ಇಳಿದು, ಕುದುರೆಗಾಡಿ ಹತ್ತಿ ಊರು ಸೇರುತ್ತಿದ್ದರು.

ಈಗ ಎಲ್ಲರೂ ಬರುವುದು ಕಾರಿನಲ್ಲಿ. ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಎಂಬ ಹೆದ್ದಾರಿ ಈ ಊರಿನ ಬಾಗಿಲಿಗೇ ಬಂದು ಮುಗಿಯುತ್ತದೆ. ನಾನು ಮಾತ್ರ ಮೇರಿಲ್ಯಾಂಡ್‌ನ ಮೇಲು ಚೆಸಪೀಕ್ ಕೊಲ್ಲಿಯಿಂದ ನಮ್ಮ ಸಣ್ಣ ಹಾಯಿದೋಣಿಯಲ್ಲಿ, ಹಳಬರು ಬಂದ ನೀರಿನ ದಾರಿಯಲ್ಲೇ ಹೋಗುತ್ತೇನೆ. ನೀರಿನಿಂದಲೇ ಹುಟ್ಟಿದ ಊರನ್ನು ನೀರಿನ ಕಡೆಯಿಂದ ತಲುಪಿದಾಗಲೇ ಅದರ ನಿಲುವು, ಚರಿತ್ರೆ ಎರಡೂ ಸರಿಯಾಗಿ ಕಾಣುತ್ತವೆ ಎಂದು ನಾನು ನಂಬಿದ್ದೇನೆ. ಈ ಕಡೆ ನೆಲೆಸಿರುವ, ಹೊಸದಾಗಿ ದೋಣಿ ಕೊಂಡ ಕನ್ನಡದ ಗೆಳೆಯರು ದಾರಿ ಕೇಳಿದಾಗ ಬಿಡಿಬಿಡಿಯಾಗಿ ಹೇಳುತ್ತ ಬಂದ ಮಾತುಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

1. ದಿನಾಂಕ ಗೊತ್ತುಮಾಡಬೇಡಿ

ಎರಡು ದಿನದ ಪ್ರಯಾಣಕ್ಕೆ ಐದು ದಿನ ಇಟ್ಟುಕೊಳ್ಳಿ. ಶುಕ್ರವಾರ ಸಂಜೆ ಕೇಪ್ ಮೇಯಲ್ಲಿ ಇರಲೇಬೇಕು ಎಂದಾದರೆ ದೋಣಿ ಬಿಟ್ಟು ಕಾರು ಹತ್ತಿ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಹೋಟೆಲು ಕಾದಿರಿಸಿದೆ ಎನ್ನುವವರಿಗೆ ನಾನು ಹೇಳುವುದು ಒಂದೇ: ಹಿರಿಯರು ಕಾರಿನಲ್ಲಿ ಬರಲಿ, ದೋಣಿ ತನ್ನ ಹೊತ್ತಿಗೆ ಬರಲಿ, ಅಲ್ಲಿ ಭೇಟಿಯಾಗೋಣ. ಡೆಲವೇರ್ ಕೊಲ್ಲಿಯ ಮೇಲ್ತುದಿಯ ರೀಡಿ ಪಾಯಿಂಟ್‌ನಿಂದ ಕೇಪ್ ಮೇ ಕಾಲುವೆಯ ಬಾಯಿಗೆ 45ರಿಂದ 50 ನಾಟಿಕಲ್ ಮೈಲಿ. ನಡುವೆ ಹೊಕ್ಕು ಕುಳಿತುಕೊಳ್ಳಲು ಜಾಗ ಬಹಳ ಕಡಿಮೆ. ರೀಡಿ ದ್ವೀಪದ ಹಿಂದೆ ಲಂಗರು ಹಾಕಬಹುದು, ಆದರೆ ಅಲ್ಲಿ ನೀರಲ್ಲಿ ಮುಳುಗಿರುವ ಕಲ್ಲಿನ ಒಡ್ಡಿದೆ. ಗುರುತು ಹಾಕಿರುವ ಕಿಂಡಿಯಲ್ಲೇ ಒಳಹೋಗಬೇಕು. ಇನ್ನಷ್ಟು ಕೆಳಗೆ ನ್ಯೂಜೆರ್ಸಿ ಬದಿಯಲ್ಲಿ ಕೋಹಾನ್ಸಿ ನದಿ ಒಳ್ಳೆಯ ಆಸರೆ. ಅದನ್ನು ದಾಟಿದ ಮೇಲೆ ನನ್ನಂಥ ದೋಣಿಗೆ ಭರವಸೆಯ ತಾಣ ಕೇಪ್ ಮೇಯೇ.

2. ಹಿಂದಿನ ರಾತ್ರಿ ಕಾಲುವೆಯಲ್ಲಿ ತಂಗಿ

ಚೆಸಪೀಕ್ ಕೊಲ್ಲಿಯನ್ನೂ ಡೆಲವೇರ್ ನದಿಯನ್ನೂ ಜೋಡಿಸುವ ಕಾಲುವೆ 14 ಮೈಲಿ ಉದ್ದ, 450 ಅಡಿ ಅಗಲ, 35 ಅಡಿ ಆಳ. 1829ರಲ್ಲಿ ತೆರೆದಾಗ ಇದಕ್ಕೆ ನೀರು ಏರಿಸಿ ಇಳಿಸುವ ಬಾಗಿಲುಗಳಿದ್ದವು. 1919ರಲ್ಲಿ ಕೇಂದ್ರ ಸರ್ಕಾರ ಕೊಂಡುಕೊಂಡು, 1927ರ ಹೊತ್ತಿಗೆ ಬಾಗಿಲು ತೆಗೆದು ಸಮುದ್ರಮಟ್ಟಕ್ಕೆ ಇಳಿಸಿತು. ಈಗ ದೊಡ್ಡ ಹಡಗುಗಳೂ ಇಲ್ಲಿ ಓಡಾಡುತ್ತವೆ. ಇಲ್ಲಿ ಹಾಯಿ ಬಿಚ್ಚಿ ಸಾಗುವಂತಿಲ್ಲ, ಎಂಜಿನ್ ನಡೆಸಲೇಬೇಕು. ಲಂಗರು ಹಾಕಲು ಚೆಸಪೀಕ್ ಸಿಟಿಯ ಪಕ್ಕದ ಕೊಳವೇ ತಾಣ. ಪೂರ್ವದ ತುದಿಗೆ ಇನ್ನೂ ಹತ್ತಿರ ಇರಬೇಕೆಂದರೆ ಡೆಲವೇರ್ ಸಿಟಿಯ ಮರೀನಾದಲ್ಲಿ ಕಟ್ಟಿ, ಹಳೆಯ ಕಾಲುವೆಯ ಕಲ್ಲಿನ ಬಾಗಿಲನ್ನು ನೋಡಿಕೊಂಡು ಬನ್ನಿ.

ಕಾಲುವೆ ರೀಡಿ ಪಾಯಿಂಟ್‌ನಲ್ಲಿ ನದಿಗೆ ಬಾಯಿ ಬಿಡುವಲ್ಲಿ ಎರಡು ಬದಿಗೂ ಕಲ್ಲಿನ ಒಡ್ಡುಗಳಿವೆ. ಅವುಗಳಿಂದ ಹೊರಬೀಳುತ್ತಲೇ ನದಿಯ ಸೆಳೆತ ದೋಣಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಚುಕ್ಕಾಣಿ ಅನುಭವಿಯ ಕೈಯಲ್ಲಿರಲಿ.

3. ಹೊರಡುವ ಹೊತ್ತು ಹೇಳುವುದು ಇಳಿತ

ಈ ಪ್ರಯಾಣದ ಜೀವಾಳ ಇದು, ನಿಧಾನವಾಗಿ ಹೇಳುತ್ತೇನೆ. ನಮ್ಮ ದೋಣಿ ಶಾಂತ ನೀರಲ್ಲಿ ಗಂಟೆಗೆ 6 ನಾಟಿಕಲ್ ಮೈಲಿ, ಅಂದರೆ 6 ನಾಟ್ ಹೋಗುತ್ತದೆ. ಕೊಲ್ಲಿಯ ಹಡಗುದಾರಿಯಲ್ಲಿ ಉಬ್ಬರ ಇಳಿತದ ಸೆಳೆತ ಜೋರಾದಾಗ 2 ನಾಟ್ ಮುಟ್ಟುತ್ತದೆ. ನೀರು ಜೊತೆಗಿದ್ದರೆ ಗಂಟೆಗೆ 8, ಎದುರಿದ್ದರೆ 4. ಹಾಗಾಗಿ ರೀಡಿ ಪಾಯಿಂಟ್‌ನಲ್ಲಿ ಇಳಿತ ಶುರುವಾದಾಗ ಹೊರಟರೆ ಆರು ಗಂಟೆ ಕಾಲ ನೀರು ಜೊತೆಗಿರುತ್ತದೆ, ಅಷ್ಟರಲ್ಲಿ ತಲುಪಿಬಿಡಬಹುದು ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಆ ಲೆಕ್ಕ ನಡೆಯುವುದಿಲ್ಲ.

ಕಾರಣ ಇಷ್ಟೇ. ಉಬ್ಬರ ಸಾಗರದಿಂದ ಕೊಲ್ಲಿಯೊಳಗೆ ಏರುತ್ತ ಬರುತ್ತದೆ. ಕೊಲ್ಲಿಯ ಬಾಯಲ್ಲಿ ನೀರು ತುಂಬಿದ ಸುಮಾರು ಮೂರು ಗಂಟೆಯ ನಂತರ ರೀಡಿ ಪಾಯಿಂಟ್‌ನಲ್ಲಿ ತುಂಬುತ್ತದೆ. ಇಳಿತವೂ ಹಾಗೆಯೇ, ಮೊದಲು ಬಾಯಲ್ಲಿ, ಮೂರು ಗಂಟೆ ತಡವಾಗಿ ಮೇಲ್ತುದಿಯಲ್ಲಿ. ರೀಡಿ ಪಾಯಿಂಟ್‌ನಲ್ಲಿ ಬೆಳಿಗ್ಗೆ 6ಕ್ಕೆ ಇಳಿತ ಹಿಡಿಯಿತು ಎನ್ನಿ. ಆ ಹೊತ್ತಿಗೆ ಕೇಪ್ ಮೇ ಬಳಿ ಇಳಿತ ಅರ್ಧ ಮುಗಿದಿರುತ್ತದೆ, 9ಕ್ಕೆ ಅಲ್ಲಿ ನೀರು ತಿರುಗುತ್ತದೆ. ನಾವು ಕೆಳಗೆ ಹೋಗುತ್ತಿದ್ದ ಹಾಗೆ ಹೊಸ ಉಬ್ಬರ ಮೇಲೆ ಏರಿ ಬರುತ್ತಿರುತ್ತದೆ. ಎರಡೂ 10 ಗಂಟೆ ಸುಮಾರಿಗೆ, ಇನ್ನೂ 15 ಮೈಲಿ ಬಾಕಿ ಇರುವಾಗ ಎದುರಾಗುತ್ತವೆ. ಆಮೇಲಿನ ಮೂರು ಗಂಟೆ ಎದುರು ನೀರಲ್ಲೇ ಸಾಗಬೇಕು. ಮಧ್ಯಾಹ್ನ 1ಕ್ಕೆ ತಲುಪಿದರೆ ಒಳ್ಳೆಯ ಪ್ರಯಾಣ ಎಂದೇ ಅರ್ಥ.

ಅದಕ್ಕೇ ನಾನು ಇಳಿತಕ್ಕೆ ಒಂದು ಗಂಟೆ ಮೊದಲೇ, ಉಬ್ಬರದ ಕಸುವು ಇಳಿದಿರುವಾಗ ರೀಡಿ ಪಾಯಿಂಟ್ ಬಿಡುತ್ತೇನೆ. ಕೆಳಗಿನ ನೀರು ಮೇಲಿನದಕ್ಕಿಂತ ಮೊದಲೇ ತಿರುಗಿರುವುದರಿಂದ, ಮುಂದೆ ಹೋದವರಿಗೆ ಇಳಿತ ಬೇಗ ಸಿಗುತ್ತದೆ. ಮೊದಲ ಒಂದು ಗಂಟೆಯ ನಿಧಾನಕ್ಕೆ ಬೇಸರಪಡಬೇಕಾಗಿಲ್ಲ.

ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇಂದು 6ಕ್ಕೆ ಇದ್ದದ್ದು ನಾಳೆ 7ಕ್ಕೆ ಹತ್ತಿರ. ಬೆಳಗಿನ ಅನುಕೂಲದ ಇಳಿತ ನಾಲ್ಕೈದು ದಿನ ಮಾತ್ರ ಇದ್ದು, ಮತ್ತೆ ಬರಲು ಒಂದು ಪಕ್ಷ ಕಾಯಬೇಕು. ಗಂಗೊಳ್ಳಿ ಕಡೆಯ ಕಡಲದಂಡೆಯಲ್ಲಿ ಬೆಳೆದ ನನಗೆ ಇದು ಹೊಸದಲ್ಲ. ಅಲ್ಲಿ ದೋಣಿಯವರು ತಿಥಿ ಕೇಳಿಯೇ ನೀರಿನ ಹೊತ್ತು ಹೇಳುತ್ತಿದ್ದರು. ಒಂದೇ ಜಾಗದಲ್ಲಿ ಒಂದೇ ತಿಥಿಗೆ ನೀರು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತುಂಬುತ್ತದೆ. ಡೆಲವೇರ್ ಕೊಲ್ಲಿಗೂ ಆಕಾಶದಲ್ಲಿರುವುದು ಅದೇ ಚಂದ್ರ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ರೀಡಿ ಪಾಯಿಂಟ್‌ನ ಹಗಲಿನ ಇಳಿತ ಮಧ್ಯಾಹ್ನಕ್ಕೆ ಬೀಳುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಬೆಳಿಗ್ಗೆ ಸಿಗುತ್ತದೆ. ಅಡುಗೆಮನೆಯ ಗೋಡೆಯ ಕನ್ನಡ ಕ್ಯಾಲೆಂಡರಿನಲ್ಲಿ ಅಷ್ಟಮಿ ಯಾವ ವಾರಕ್ಕೆ ಬಂದಿದೆ ನೋಡಿ ರಜೆ ಕೇಳುತ್ತೇನೆ. ಗಂಟೆ ನಿಮಿಷದ ಲೆಕ್ಕಕ್ಕೆ ಮಾತ್ರ ಅಮೆರಿಕ ಸರ್ಕಾರದ ಸಾಗರ ಮತ್ತು ಹವಾಮಾನ ಇಲಾಖೆ, ನೋವಾ, ಪ್ರಕಟಿಸುವ ಸೆಳೆತದ ಕೋಷ್ಟಕವನ್ನೇ ನೋಡಿ. ನೀರಿನ ಮಟ್ಟದ ಕೋಷ್ಟಕ ಬೇರೆ, ಸೆಳೆತದ ಕೋಷ್ಟಕ ಬೇರೆ. ಮಟ್ಟ ಇಳಿಯತೊಡಗಿದ ಎಷ್ಟೋ ಹೊತ್ತಿನ ನಂತರ ಸೆಳೆತ ತಿರುಗುತ್ತದೆ.

4. ಗಾಳಿ ನೀರಿಗೆ ಎದುರಾಗದ ದಿನ ಆರಿಸಿ

ಡೆಲವೇರ್ ಕೊಲ್ಲಿ ವಿಶಾಲವಾಗಿದ್ದರೂ ಹಡಗುದಾರಿ ಬಿಟ್ಟರೆ ಆಳವಿಲ್ಲ. ಆಳವಿಲ್ಲದ ನೀರಲ್ಲಿ ಇಳಿತ ಕೆಳಗೆ ಹರಿಯುವಾಗ ದಕ್ಷಿಣದ ಗಾಳಿ ಎದುರು ಬೀಸಿದರೆ ಅಲೆಗಳು ಕುಳ್ಳಗೆ, ಕಡಿದಾಗಿ, ಒಂದರ ಬೆನ್ನಿಗೆ ಒಂದು ಏಳುತ್ತವೆ. ಮೂರು ನಾಲ್ಕು ಅಡಿಯ ಅಲೆ ಎಂದರೆ ಕೇಳಲು ಸಣ್ಣದು. ಆದರೆ ದೋಣಿಯ ಮೂತಿ ಒಂದು ಅಲೆಯಿಂದ ಏಳುವ ಮೊದಲೇ ಮುಂದಿನದು ಬಡಿಯುತ್ತದೆ, ವೇಗ ಅರ್ಧಕ್ಕೆ ಬೀಳುತ್ತದೆ, ಒಳಗಿನ ಪಾತ್ರೆ ಪಗಡೆ ಎಲ್ಲ ನೆಲಕ್ಕೆ ಬರುತ್ತವೆ. ಬೇಸಿಗೆಯಲ್ಲಿ ಬೆಳಿಗ್ಗೆ ಸ್ತಬ್ಧವಾಗಿದ್ದು ಮಧ್ಯಾಹ್ನದ ಮೇಲೆ ಕಡಲಗಾಳಿ ಸರಿಯಾಗಿ ಈ ದಿಕ್ಕಿನಿಂದಲೇ ಏಳುತ್ತದೆ. ಮಧ್ಯಾಹ್ನದ ಇಳಿತ ನನಗೆ ಬೇಡವೆನಿಸುವುದು ಇದಕ್ಕೇ.

ನಮ್ಮ ಕರಾವಳಿಯ ಅಳಿವೆಗಳಲ್ಲೂ ಇದೇ ನಡೆಯುತ್ತದೆ. ಹೊಳೆಯ ನೀರು ಹೊರಗೆ ನುಗ್ಗುವಾಗ ಪಡುಗಾಳಿಯ ಅಲೆ ಎದುರಾದರೆ ಅಳಿವೆಯ ಬಾಯಿ ನೊರೆಯೆದ್ದು ನಿಲ್ಲುತ್ತದೆ, ಆಗ ತಿಳಿದವರು ದೋಣಿ ಹೊರಡಿಸುವುದಿಲ್ಲ. ಡೆಲವೇರ್ ಕೊಲ್ಲಿಯಲ್ಲಿ ಆ ಅಳಿವೆಯ ಪಾಡು ಹತ್ತಾರು ಮೈಲಿ ಉದ್ದಕ್ಕೂ ಹಬ್ಬಿರುತ್ತದೆ. ದಕ್ಷಿಣದಿಂದ 15 ನಾಟ್ ಗಾಳಿ ಎಂದು ಮುನ್ಸೂಚನೆ ಇದ್ದರೆ ನಾನು ಚೆಸಪೀಕ್ ಸಿಟಿಯಲ್ಲೇ ಇನ್ನೊಂದು ದಿನ ಕೂರುತ್ತೇನೆ. ವಾಯವ್ಯದಿಂದ 10–15 ನಾಟ್ ಎಂದಿದ್ದರೆ ಬೆಳಕು ಹರಿಯುವ ಮೊದಲೇ ಎದ್ದಿರುತ್ತೇನೆ. ಎಂಜಿನ್ ನಿಲ್ಲಿಸಿ ಬರೀ ಹಾಯಿಯಲ್ಲಿ ಇಳಿತದ ಜೊತೆ ಜಾರುವ ಸುಖ ಸಿಗುವುದು ಆ ದಿನಗಳಲ್ಲೇ.

5. ಹಡಗುಗಳಿಗೆ ಅವುಗಳ ದಾರಿ ಬಿಡಿ

ಫಿಲಡೆಲ್ಫಿಯಾ ಮತ್ತು ಸುತ್ತಲಿನ ಬಂದರುಗಳಿಗೆ ಹೋಗುವ ಹಡಗುದಾರಿಯನ್ನು 40 ಅಡಿಯಿಂದ 45 ಅಡಿಗೆ ಆಳ ಮಾಡಿದ್ದಾರೆ. ತೈಲದ ಹಡಗು, ಕಂಟೇನರ್ ಹಡಗುಗಳೆಲ್ಲ ಆ ಗೆರೆ ಬಿಟ್ಟು ಆಚೀಚೆ ಹೋಗಲಾರವು. ನಾವು ಹೋಗಬಲ್ಲೆವು. ಕೆಂಪು–ಹಸಿರು ಬೋಯ್‌ಗಳ ಗೆರೆಯ ಹೊರಬದಿಯಲ್ಲೇ, ಚಾರ್ಟಿನಲ್ಲಿ ಆಳ ನೋಡಿಕೊಂಡು ಸಾಗಿ. ವಿ.ಎಚ್.ಎಫ್. ರೇಡಿಯೋದಲ್ಲಿ 16ರ ಜೊತೆಗೆ 13ನೇ ಚಾನೆಲ್ ಕೂಡ ಕೇಳುತ್ತಿರಿ. ಹಡಗಿನ ಪೈಲಟ್‌ಗಳು ಒಬ್ಬರಿಗೊಬ್ಬರು ಮಾತಾಡುವುದು ಅದರಲ್ಲಿ. ಹಿಂದಕ್ಕೂ ಆಗಾಗ ತಿರುಗಿ ನೋಡಿ. ದೊಡ್ಡ ಹಡಗು ದೂರದಲ್ಲಿ ಚುಕ್ಕೆಯಾಗಿ ಕಂಡು ಸ್ವಲ್ಪ ಹೊತ್ತಿಗೇ ಮೈಮೇಲೆ ಬಂದಿರುತ್ತದೆ. ಏಡಿ ಹಿಡಿಯುವ ಬೋನುಗಳ ಹಗ್ಗ ಪ್ರೊಪೆಲ್ಲರ್‌ಗೆ ಸುತ್ತಿಕೊಳ್ಳುವ ಭಯವೂ ಉಂಟು. ಅದಕ್ಕೇ ನಾನು ಈ ಕೊಲ್ಲಿಯನ್ನು ರಾತ್ರಿ ದಾಟುವುದಿಲ್ಲ.

6. ದೀಪಸ್ತಂಭಗಳನ್ನು ಎಣಿಸುತ್ತ ಹೋಗಿ

ಹೊರಟ ಮೊದಲ ಗಂಟೆಗಳಲ್ಲಿ ಎಡಗಡೆ ಅಣುಸ್ಥಾವರದ ಕೂಲಿಂಗ್ ಟವರ್ ಎಷ್ಟು ಹೊತ್ತಾದರೂ ಹಿಂದೆ ಬೀಳುವುದೇ ಇಲ್ಲ. ಆಮೇಲೆ ಎರಡೂ ದಡ ದೂರವಾಗುತ್ತವೆ. ಆಗ ನೀರ ನಡುವೆಯೇ ನಿಂತ ದೀಪಸ್ತಂಭಗಳು ಮೈಲಿಗಲ್ಲುಗಳು. ಮೊದಲು ಶಿಪ್ ಜಾನ್ ಶೋಲ್, 1797ರಲ್ಲಿ ಇಲ್ಲಿ ಒಡೆದ ಜಾನ್ ಎಂಬ ಹಡಗಿನ ಹೆಸರು ಹೊತ್ತದ್ದು. ಆಮೇಲೆ 1913ರ ಮೈಯಾ ಮಾಲ್. ಬಲಗಡೆ ದೂರದಲ್ಲಿ 1887ರ ಫೋರ್ಟೀನ್ ಫುಟ್ ಬ್ಯಾಂಕ್. ಕೊನೆಗೆ ಬ್ರಾಂಡಿವೈನ್ ಶೋಲ್. ಮರಳಿಗೆ ಕಬ್ಬಿಣದ ತಿರುಪುಕಾಲು ಇಳಿಸಿ ನಿಲ್ಲಿಸಿದ ಅಮೆರಿಕದ ಮೊದಲ ದೀಪಸ್ತಂಭ 1850ರಲ್ಲಿ ಈ ಬ್ರಾಂಡಿವೈನ್ ದಿಬ್ಬದ ಮೇಲೆಯೇ ಬಂತು. ಈಗ ಇರುವುದು 1914ರದು. ಜಿ.ಪಿ.ಎಸ್. ಪರದೆಯೊಂದನ್ನೇ ನೋಡುತ್ತ ಬರುವವರಿಗೆ ಇವು ಕಾಣುವುದೇ ಇಲ್ಲ. ಮಕ್ಕಳು ಜೊತೆಗಿದ್ದರೆ ಮುಂದಿನ ದೀಪವನ್ನು ಮೊದಲು ಕಂಡುಹಿಡಿಯುವ ಕೆಲಸ ಅವರಿಗೆ ಕೊಡಿ. ಇಷ್ಟು ಕಂಬಗಳನ್ನು ಇಷ್ಟು ಕಷ್ಟಪಟ್ಟು ಏಕೆ ನಿಲ್ಲಿಸಿದರು ಎಂದು ಅವರೇ ಕೇಳುತ್ತಾರೆ. ಉತ್ತರಕ್ಕೆ ಚಾರ್ಟಿನಲ್ಲಿ ಮರಳುದಿಬ್ಬಗಳನ್ನು ತೋರಿಸಿ.

7. ಡೀಸೆಲ್ ಟ್ಯಾಂಕಿನ ತಳ ನೆನಪಿರಲಿ

ಕೊಲ್ಲಿಯ ಕುಲುಕಾಟಕ್ಕೆ ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತ ಗಸಿ ಎದ್ದು ಫಿಲ್ಟರ್ ಕಟ್ಟುತ್ತದೆ, ಎಂಜಿನ್ ನಿಲ್ಲುತ್ತದೆ, ಅದೂ ಬೇಕಾದ ಹೊತ್ತಿನಲ್ಲೇ. ಹೊರಡುವ ಮೊದಲು ಫಿಲ್ಟರ್ ಹೊಸದು ಹಾಕಿ. ಇನ್ನೆರಡು ಜೊತೆಗಿರಲಿ. ಬದಲಿಸಿ ಗಾಳಿ ತೆಗೆಯುವುದನ್ನು ಮನೆಯ ಕಟ್ಟೆಯಲ್ಲೇ, ಕಣ್ಣು ಮುಚ್ಚಿ ಮಾಡುವಷ್ಟು ಅಭ್ಯಾಸ ಮಾಡಿಕೊಳ್ಳಿ.

8. ಒಲೆ ಹಚ್ಚದ ಊಟ

ಕೊಲ್ಲಿಯ ನಡುವೆ ಒಲೆ ಹಚ್ಚುವ ಮಾತಿಲ್ಲ. ಹಿಂದಿನ ರಾತ್ರಿಯೇ ಪುಳಿಯೋಗರೆ ಕಲಸಿಡಿ. ಮೊಸರನ್ನವನ್ನು ಐಸ್‌ಬಾಕ್ಸಿನಲ್ಲಿಡಿ. ಹುರಿಹಿಟ್ಟು, ಬೆಲ್ಲ, ಅವಲಕ್ಕಿ ಕೈಗೆ ಸಿಗುವಂತಿರಲಿ. ಹೊಟ್ಟೆ ತೊಳಸುವವರಿಗೆ ಖಾಲಿ ಹೊಟ್ಟೆಯೇ ಮೊದಲ ಶತ್ರು. ಶುಂಠಿ ತುಣುಕು ಬಾಯಲ್ಲಿಟ್ಟು, ಒಳಗೆ ಮಲಗದೆ ಮೇಲೆ ಗಾಳಿಯಲ್ಲಿ ಕೂತು, ದೂರದ ದಡ ನೋಡುತ್ತಿರಲಿ. ಹಿರಿಯರಿಗೆ ಇದನ್ನು ಹೊರಡುವ ಮೊದಲೇ ಹೇಳಿಬಿಡಿ. ಸಂಕೋಚಕ್ಕೆ ಸುಮ್ಮನಿದ್ದು ಕಷ್ಟಪಡುವುದು ನಮ್ಮವರ ಅಭ್ಯಾಸ. ಜೂನ್ ಜುಲೈ ತಿಂಗಳಲ್ಲಿ ಜೌಗಿನಿಂದ ಬರುವ ಹಸಿರುಗಣ್ಣಿನ ನೊಣಗಳು ಬಟ್ಟೆಯ ಮೇಲಿಂದಲೇ ಕಚ್ಚುತ್ತವೆ. ಸೊಳ್ಳೆಪರದೆ, ಉದ್ದ ತೋಳಿನ ಅಂಗಿ ಇಲ್ಲದೆ ಹೋಗಬೇಡಿ.

9. ಕೂವೆಮರದ ಎತ್ತರ ಅಳೆದು ಬನ್ನಿ

ಕೇಪ್ ಮೇ ಕಾಲುವೆ ಕೊಲ್ಲಿಯಿಂದ ಬಂದರಿಗೆ ಸುಮಾರು ಮೂರು ಮೈಲಿಯ ನೇರ ದಾರಿ. ಅದರ ಮೇಲಿನ ಹೆದ್ದಾರಿ ಸೇತುವೆಗಳ ಕೆಳಗೆ ಉಬ್ಬರದ ವೇಳೆ ಸಿಗುವ ಎತ್ತರ 55 ಅಡಿ. ನಿಮ್ಮ ಕೂವೆಮರ, ಅದರ ತಲೆಯ ಮೇಲಿನ ಆಂಟೆನಾ ಎರಡೂ ಸೇರಿ ಅದಕ್ಕಿಂತ ಸಾಕಷ್ಟು ಕಡಿಮೆ ಇರಬೇಕು. ಎತ್ತರ ಹೆಚ್ಚಾದರೆ ಭೂಶಿರವನ್ನು ಸುತ್ತಿಕೊಂಡು ಸಾಗರದ ಕಡೆಯಿಂದ ಬರಬೇಕು. ಆ ಮೂಲೆಯಲ್ಲಿ ಪ್ರಿಸಿ ವಿಕ್ಸ್ ಮೊದಲಾದ ಮರಳುದಿಬ್ಬಗಳಿವೆ, ಅಲೆ ಒಡೆಯುತ್ತದೆ. ಗಾಳಿ ಇಳಿದ ದಿನ ಮಾತ್ರ ಆ ದಾರಿ. ಕಾಲುವೆಯ ಪಡುವಣ ಬಾಯಲ್ಲೇ ಡೆಲವೇರ್‌ನ ಲೂಯಿಸ್ ಊರಿಗೆ ಹೋಗುವ ಫೆರಿಯ ನಿಲ್ದಾಣವಿದೆ. 1964ರಿಂದ ಓಡುತ್ತಿರುವ ಈ ದೊಡ್ಡ ಹಡಗುಗಳು ಹೊರಡುತ್ತಿದ್ದರೆ ಹೊರಗೇ ನಿಂತು ಕಾಯಿರಿ.

ಈ ಕಾಲುವೆ ತೋಡಿದ್ದು ಎರಡನೇ ಮಹಾಯುದ್ಧದ ನಡುವೆ, 1942–43ರಲ್ಲಿ. ಜರ್ಮನಿಯ ಜಲಾಂತರ್ಗಾಮಿಗಳು ಆಗ ಈ ತೀರಕ್ಕೇ ಬಂದಿದ್ದವು. 1942ರ ಫೆಬ್ರವರಿ 28ರಂದು ಅಮೆರಿಕದ ಯುದ್ಧನೌಕೆ ಜೇಕಬ್ ಜೋನ್ಸ್ ಕೇಪ್ ಮೇಯಿಂದ ಹೊರಗಿನ ನೀರಲ್ಲಿ ಟಾರ್ಪಿಡೋ ತಗಲಿ ಮುಳುಗಿತು. ಭೂಶಿರದ ಹೊರಗೆ ಹೋಗದೆ ಸಾಗರದ ಬದಿಯಿಂದ ಕೊಲ್ಲಿಗೆ ದಾಟಲೆಂದು ಈ ಒಳದಾರಿ. ನಾವು ಇಂದು ಅಲೆ ತಪ್ಪಿಸಿಕೊಳ್ಳಲು ಬಳಸುವ ದಾರಿಯನ್ನು ಅವರು ಜೀವ ಉಳಿಸಿಕೊಳ್ಳಲು ತೋಡಿದ್ದರು. ಮಕ್ಕಳಿಗೆ ಇದನ್ನು ಹೇಳದೆ ನಾನು ಈ ಕಾಲುವೆ ದಾಟುವುದಿಲ್ಲ. ಆಗ ಕಟ್ಟಿದ ಕಾಂಕ್ರೀಟ್ ಕಾವಲುಗೋಪುರ ಸನ್‌ಸೆಟ್ ಬೀಚಿಗೆ ಹೋಗುವ ರಸ್ತೆಬದಿಯಲ್ಲಿ ಈಗಲೂ ಇದೆ.

10. ಲಂಗರೋ, ಮರೀನಾವೋ

ರಾತ್ರಿ ಕಳೆದು ಮುಂದೆ ಹೋಗುವುದಾದರೆ ಲಂಗರು. ಊರು ನೋಡುವುದಾದರೆ ಮರೀನಾ. ಬಂದರಿನಲ್ಲಿ ಲಂಗರು ಹಾಕುವವರು ಸಾಮಾನ್ಯವಾಗಿ ಕೋಸ್ಟ್ ಗಾರ್ಡ್ ತರಬೇತಿ ಕೇಂದ್ರದ ಎದುರು ಹಾಕುತ್ತಾರೆ. ಅಧಿಕಾರಿಗಳನ್ನು ಬಿಟ್ಟು ಕೋಸ್ಟ್ ಗಾರ್ಡ್‌ಗೆ ಸೇರುವ ಹೊಸಬರು ತರಬೇತಿ ಪಡೆಯುವುದು ಇಲ್ಲಿ. ಬೆಳಗಾಗುತ್ತಲೇ ಅವರ ಕವಾಯತಿನ ಕೂಗು ನೀರ ಮೇಲೆ ಕೇಳುತ್ತದೆ. ಅಂಚುಗಳಲ್ಲಿ ಹೂಳಿದೆ, ಆಳ ನೋಡಿಕೊಂಡು ಹಾಕಿ. ನಸುಕಿನಲ್ಲಿ ಹೊರಡುವ ಮೀನುದೋಣಿಗಳ ಅಲೆಗೆ ದೋಣಿ ತೊನೆಯುತ್ತದೆ. ಅದಕ್ಕೆ ಗೊಣಗುವುದು ಬೇಡ. ಸ್ಕ್ಯಾಲಪ್ ಚಿಪ್ಪುಮೀನು ತರುವ ಈ ಬಂದರು ಅಮೆರಿಕದ ಪೂರ್ವ ತೀರದ ದೊಡ್ಡ ಮೀನುಗಾರಿಕೆ ಬಂದರುಗಳಲ್ಲೊಂದು, ದುಡಿಯುವವರ ನೀರಿಗೆ ನಾವು ಅತಿಥಿಗಳಾಗಿ ಬಂದಿರುತ್ತೇವೆ. ಲಂಗರಿನಿಂದ ಸಣ್ಣ ದೋಣಿಯಲ್ಲಿ ದಡಕ್ಕೆ ಬಂದು ಕಟ್ಟಿಹೋಗಲು ಜಾಗ ಸಿಗುವುದು ಕಷ್ಟ. ಶೆಲೆಂಜರ್ಸ್ ಲ್ಯಾಂಡಿಂಗ್ ಸುತ್ತಲಿನ ಮರೀನಾಗಳಿಂದ ಊರಿನ ನಡುವಿಗೆ ನಡೆದೇ ಹೋಗಬಹುದು. ಆಗಸ್ಟ್‌ನಲ್ಲಿ ಮೀನು ಹಿಡಿಯುವ ಸ್ಪರ್ಧೆಗಳ ದೋಣಿಗಳೇ ತುಂಬಿರುತ್ತವೆ, ಫೋನು ಮಾಡಿ ಕೇಳಿಕೊಂಡು ಬನ್ನಿ.

11. ಹವೆ ಕೆಟ್ಟ ದಿನ ಊರನ್ನು ನಡೆದು ನೋಡಿ

ಹಿಂದಿರುಗಲು ಆಗದೆ ಸಿಕ್ಕಿಹಾಕಿಕೊಂಡೆವಲ್ಲ ಎಂದು ದೋಣಿಯಲ್ಲೇ ಕೂತು ಹವಾಮಾನ ನೋಡುತ್ತ ದಿನ ಕಳೆಯುವವರನ್ನು ಕಂಡಿದ್ದೇನೆ. ಈ ಊರಿಗೆ ಅದು ಅನ್ಯಾಯ.

ಕೇಪ್ ಮೇ ಇಂದು ವಿಕ್ಟೋರಿಯಾ ಕಾಲದ ಮರದ ಮನೆಗಳಿಗೆ ಹೆಸರುವಾಸಿ. ಸುಮಾರು 600 ಹಳೆಯ ಕಟ್ಟಡಗಳಿವೆ. ಮೇಲುಮೇಲಿನ ಜಗಲಿಗಳು, ಕುಸುರಿ ಕೆತ್ತಿದ ಸೂರಂಚುಗಳು, ಬಣ್ಣಬಣ್ಣದ ಗೋಡೆಗಳು. ಇವು ಉಳಿದದ್ದು ಹೇಗೆ ಎನ್ನುವುದನ್ನು ತಿಳಿದು ನೋಡಿದರೆ ಪ್ರತಿ ಬೀದಿಯೂ ಬೇರೆಯಾಗಿ ಕಾಣುತ್ತದೆ. 1878ರ ನವೆಂಬರ್‌ನಲ್ಲಿ ದೊಡ್ಡ ಬೆಂಕಿ ಬಿದ್ದು ಊರ ನಡುವಿನ 30 ಎಕರೆಗೂ ಹೆಚ್ಚು ಸುಟ್ಟುಹೋಯಿತು, ದೊಡ್ಡ ಮರದ ಹೋಟೆಲುಗಳು ಬೂದಿಯಾದವು. ಆಮೇಲೆ ಕಟ್ಟಿದ್ದು ಹೆಚ್ಚಾಗಿ ಸಣ್ಣ ಹೋಟೆಲು, ಕುಟುಂಬದ ಮನೆಗಳನ್ನು. ಅಷ್ಟರಲ್ಲಿ ಉತ್ತರದ ಅಟ್ಲಾಂಟಿಕ್ ಸಿಟಿ ಬೆಳೆದು ಪ್ರವಾಸಿಗಳನ್ನು ಸೆಳೆದುಕೊಂಡಿತು. ಕೇಪ್ ಮೇಯಲ್ಲಿ ಹಳೆಯದನ್ನು ಕೆಡವಿ ಹೊಸದು ಕಟ್ಟುವಷ್ಟು ದುಡ್ಡು ಓಡಾಡಲಿಲ್ಲ, ಮನೆಗಳು ನಿಂತಲ್ಲೇ ನಿಂತವು. 1962ರ ಮಾರ್ಚ್ ಬಿರುಗಾಳಿ ತೀರವನ್ನು ಕೊಚ್ಚಿತು. 1879ರಲ್ಲಿ ಕಟ್ಟಿದ, ಫ್ರಾಂಕ್ ಫರ್ನೆಸ್ ರೂಪಿಸಿದ್ದು ಎನ್ನಲಾಗುವ ಎಮ್ಲೆನ್ ಫಿಸಿಕ್ ಅವರ ಮನೆ ಕೆಡವುವ ಹಂತಕ್ಕೆ ಬಂದಾಗ ಊರವರು 1970ರಲ್ಲಿ ಸಂಘ ಕಟ್ಟಿ ಉಳಿಸಿಕೊಂಡರು. 1976ರಲ್ಲಿ ಇಡೀ ಊರಿಗೇ ರಾಷ್ಟ್ರೀಯ ಐತಿಹಾಸಿಕ ತಾಣದ ಮನ್ನಣೆ ಬಂತು. ಬಡತನ ಕಾಪಾಡಿದ್ದನ್ನು ಜನ ಸಕಾಲದಲ್ಲಿ ಕೈಗೆತ್ತಿಕೊಂಡರು. ಹಾಗೆ ಆಗದ ಊರುಗಳು ಎಷ್ಟಿವೆ ಎಂಬುದನ್ನು ನಮ್ಮ ಹಳೆಯ ಪೇಟೆಗಳ ಬೀದಿಗಳನ್ನು ಕಂಡವರಿಗೆ ನಾನು ಹೇಳಬೇಕಿಲ್ಲ.

ಕಾಂಗ್ರೆಸ್ ಹಾಲ್ ಹೋಟೆಲಿನ ಜಗಲಿಯಲ್ಲಿ ಸ್ವಲ್ಪ ಕೂತುಬನ್ನಿ. 1816ರಲ್ಲಿ ಥಾಮಸ್ ಹ್ಯೂಸ್ ಶುರುಮಾಡಿದ ವಸತಿಗೃಹ ಅದು. ಆತ ಕಾಂಗ್ರೆಸ್‌ಗೆ ಆಯ್ಕೆಯಾದ ಮೇಲೆ ಈ ಹೆಸರು ಬಂತು. ಬೆಂಕಿಯ ನಂತರ 1879ರಲ್ಲಿ ಇಟ್ಟಿಗೆಯಲ್ಲಿ ಮತ್ತೆ ಕಟ್ಟಿದರು. ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ 1891ರ ಬೇಸಿಗೆಯಲ್ಲಿ ಇಲ್ಲಿಂದಲೇ ಆಡಳಿತ ನಡೆಸಿದರು.

ಆದರೆ ಜಗಲಿಗಳ ಚೆಲುವಿಗೆ ಮರುಳಾಗಿ ಇನ್ನೊಂದು ಮನೆ ತಪ್ಪಿಸಿಕೊಳ್ಳಬೇಡಿ. ಗುಲಾಮಗಿರಿಯಿಂದ ತಾನು ಪಾರಾಗಿ ಎಷ್ಟೋ ಜನರನ್ನು ಪಾರುಮಾಡಿದ ಹ್ಯಾರಿಯೆಟ್ ಟಬ್‌ಮನ್ 1850ರ ದಶಕದ ಆರಂಭದಲ್ಲಿ ಈ ಊರಲ್ಲಿ ದುಡಿದು ಆ ಕೆಲಸಕ್ಕೆ ಹಣ ಕೂಡಿಸಿದರು. ಅವರ ಹೆಸರಿನ ವಸ್ತುಸಂಗ್ರಹಾಲಯ ಊರ ನಡುವಿನ ಹಳೆಯ ಚರ್ಚುಮನೆಯಲ್ಲಿದೆ. ಕೊಲ್ಲಿಯ ಆಚೆ ದಡದ ಡೆಲವೇರ್ ಆಗ ಗುಲಾಮಗಿರಿ ಇದ್ದ ರಾಜ್ಯ. ದಕ್ಷಿಣದ ತೋಟದೊಡೆಯರೂ ಬೇಸಿಗೆ ಕಳೆಯಲು ಈ ಊರಿಗೇ ಬರುತ್ತಿದ್ದರು. ಒಂದೇ ನೀರು ಒಬ್ಬರಿಗೆ ವಿಹಾರದ ದಾರಿ, ಇನ್ನೊಬ್ಬರಿಗೆ ಬಿಡುಗಡೆಯ ಗಡಿ. ಕೊಲ್ಲಿಯನ್ನು ದೋಣಿಯಲ್ಲಿ ಆಗತಾನೇ ದಾಟಿ ಬಂದವರಿಗೆ ಆ ಅಗಲ ಎಷ್ಟು ಎಂಬುದು ಮೈಗೇ ಗೊತ್ತಿರುತ್ತದೆ. ಊರಿನ ಕಪ್ಪು ಜನರ ಮನೆ, ಅಂಗಡಿಗಳಲ್ಲಿ ಎಷ್ಟೋ 1960ರ ದಶಕದ ನಗರ ನವೀಕರಣದಲ್ಲಿ ನೆಲಸಮವಾದವು. ಉಳಿದದ್ದನ್ನು ನೋಡುವಾಗ ಉಳಿಯದ್ದನ್ನೂ ಕೇಳಿ ತಿಳಿಯಬೇಕು ಎನ್ನುವುದು ನನ್ನ ಹಟ.

ಹೊತ್ತು ಉಳಿದರೆ 1859ರ ದೀಪಸ್ತಂಭದ 199 ಮೆಟ್ಟಿಲು ಹತ್ತಿ. ನೀವು ಬಂದ ಕೊಲ್ಲಿ, ಮರಳುದಿಬ್ಬಗಳ ಮೇಲೆ ಒಡೆಯುವ ಬಿಳಿ ಅಲೆ, ಸಾಗರ ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಕೆಳಗೆ ನೋಡಿದ ಚಾರ್ಟು ಮೇಲಿನಿಂದ ಅರ್ಥವಾಗುತ್ತದೆ.

12. ಯಾವ ಕಾಲ

ಮೇ, ಜೂನ್ ತಿಂಗಳ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಕುದುರೆಲಾಳದ ಏಡಿಗಳು ಕೊಲ್ಲಿ ದಂಡೆಗೆ ಬಂದು ಮೊಟ್ಟೆಯಿಡುತ್ತವೆ. ಜಗತ್ತಿನಲ್ಲೇ ಅವು ಅತಿ ಹೆಚ್ಚು ಸೇರುವ ಕೊಲ್ಲಿ ಇದು. ದಕ್ಷಿಣ ಅಮೆರಿಕದಿಂದ ಆರ್ಕ್ಟಿಕ್‌ಗೆ ಹಾರುವ ರೆಡ್ ನಾಟ್ ಹಕ್ಕಿಗಳು ಆ ಮೊಟ್ಟೆ ತಿಂದು ಮೈತುಂಬಿಕೊಳ್ಳಲು ಇಳಿಯುತ್ತವೆ. ನೋಡಬೇಕಾದದ್ದೇ. ಆದರೂ ನನ್ನ ಆಯ್ಕೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಉತ್ತರದ ಗಾಳಿ ಹಿಂದಿನಿಂದ ಬರುತ್ತದೆ, ನೊಣ ಇಲ್ಲ, ಮರೀನಾದಲ್ಲಿ ಜಾಗ ಇದೆ, ಭೂಶಿರದ ಮೇಲೆ ದಕ್ಷಿಣಕ್ಕೆ ಹೋಗುವ ಗಿಡುಗಗಳೂ ಮೊನಾರ್ಕ್ ಚಿಟ್ಟೆಗಳೂ ಕೊಲ್ಲಿ ದಾಟುವ ಮೊದಲು ಗಾಳಿಗಾಗಿ ಕಾಯುತ್ತಿರುತ್ತವೆ.

13. ಹಿಂದಿರುಗುವಾಗ ಲೆಕ್ಕ ತಿರುಗುತ್ತದೆ

ಬರುವಾಗ ಕಾಡಿದ ಮೂರು ಗಂಟೆಯ ವ್ಯತ್ಯಾಸ ಹೋಗುವಾಗ ನಮ್ಮ ಕಡೆಗೇ ಇರುತ್ತದೆ. ಉಬ್ಬರ ನಮ್ಮ ಜೊತೆಗೇ ಮೇಲೇರುವುದರಿಂದ ಅದು ಬೇಗ ಮುಗಿಯುವುದಿಲ್ಲ. ಕೇಪ್ ಮೇಯಲ್ಲಿ ಬೆಳಿಗ್ಗೆ 7ಕ್ಕೆ ಉಬ್ಬರ ಹಿಡಿದರೆ, ರೀಡಿ ಪಾಯಿಂಟ್‌ನಲ್ಲಿ ಅದು ನಿಲ್ಲುವುದು ಸಂಜೆ 4ಕ್ಕೆ. 9ಕ್ಕೆ ಹೊರಟರೂ ಆರು ಗಂಟೆಯಲ್ಲಿ, 3ರ ಹೊತ್ತಿಗೆ, ಉಬ್ಬರದಲ್ಲೇ ತಲುಪುತ್ತೇವೆ. ಇಳಿಯುವಾಗ ಎದುರಾದ ಮಧ್ಯಾಹ್ನದ ದಕ್ಷಿಣ ಗಾಳಿ ಈಗ ಬೆನ್ನ ಹಿಂದೆ. ಆದ್ದರಿಂದ ಹಿಂದಿರುಗುವ ದಿನ ನಸುಕಿಗೇ ಎಲ್ಲರನ್ನೂ ಎಬ್ಬಿಸಬೇಡಿ. ಮರೀನಾದಲ್ಲಿ ಸಿಹಿನೀರು ತುಂಬಿಸಿಕೊಂಡು, ತಿಂಡಿ ಮುಗಿಸಿ, ಕಾಲುವೆ ದಾಟಿ ಕೊಲ್ಲಿಗೆ ಬನ್ನಿ. ಒಂದು ಎಚ್ಚರ ಮಾತ್ರ: ಬೇಸಿಗೆಯ ಸಂಜೆ ಪಶ್ಚಿಮದಿಂದ ಗುಡುಗು ಮಳೆ ಏಳುವುದುಂಟು. ಮಧ್ಯಾಹ್ನದ ಹೊತ್ತಿಗೆ ಪಡುವಣದಲ್ಲಿ ಮೋಡ ಗೋಪುರದಂತೆ ಬೆಳೆಯುತ್ತಿದ್ದರೆ ಕೋಹಾನ್ಸಿ ನದಿಯ ಬಾಯಿ ದಾಟುವ ಮೊದಲೇ ತೀರ್ಮಾನ ಮಾಡಿ. ಒಳಗೆ ಹೊಕ್ಕು ಲಂಗರು ಹಾಕಿದರೆ ಮರುದಿನದ ಉಬ್ಬರ ಇನ್ನು 50 ನಿಮಿಷ ತಡವಾಗಿ ಅಲ್ಲಿಗೇ ಬರುತ್ತದೆ.